ಗೂಳಿ ಕಂಡ ಕೂಡ್ಲೇ ‘ಮಿನೋಟಾರ್’ ಅನ್ಬೇಡಿ

ಹಳೇ ನಾಣ್ಯ ಸರಣಿ. ಈ ಸಲ ಒಟ್ಟು 8 ಪೋಸ್ಟ್. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

1/8

ಮೊದಲನೇ ಫೋಟೋ ನೋಡಿ. ಸಿಸಿಲಿ ದ್ವೀಪದಲ್ಲಿದ್ದ ಗೆಲಾ ಅನ್ನೋ ಗ್ರೀಕ್ ಊರಿನ ಬೆಳ್ಳಿ ನಾಣ್ಯ, ಕ್ರಿ.ಪೂ. 5ನೇ ಶತಮಾನದ್ದು. ಗೂಳಿ ಮೈಯ ಮುಂದಿನ ಅರ್ಧ, ನೀರಲ್ಲಿ ಈಜ್ತಿರೋ ಹಾಗೆ ಮಡಚಿದ ಮುಂಗಾಲು. ಆದ್ರೆ ಮುಖ ಮನುಷ್ಯನದು, ಗಡ್ಡ ಬೇರೆ.

ಇದನ್ನ ಸ್ಟೋರಿಲಿ ಹಾಕಿ ‘ಯಾರಿದು?’ ಅಂತ ಕೇಳಿದಾಗ ಬಂದ ಉತ್ತರ ಬಹುತೇಕ ಒಂದೇ: ಮಿನೋಟಾರ್. ಒಬ್ಬ ಫೋನಲ್ಲಿ ಫೋಟೋ ಹಾಕಿ ಹುಡುಕಿ, ಸ್ಕ್ರೀನ್‌ಶಾಟ್ ಸಮೇತ ಕಳಿಸಿದ್ದ. ಅಲ್ಲೂ ಮಿನೋಟಾರ್.

ಅಲ್ಲ. ಮಿನೋಟಾರ್‌ಗೆ ಮೈ ಮನುಷ್ಯನದು, ತಲೆ ಗೂಳಿಯದು. ಇಲ್ಲಿರೋದು ಪೂರ್ತಿ ಉಲ್ಟಾ. ಗಣಪತಿಗೆ ಮನುಷ್ಯನ ಮೈ, ಆನೆ ತಲೆ. ಕ್ಯಾಲೆಂಡರ್ ಚಿತ್ರದ ಕಾಮಧೇನುಗೆ ಹಸುವಿನ ಮೈ, ಹೆಂಗಸಿನ ಮುಖ. ಇಬ್ಬರನ್ನೂ ‘ಪ್ರಾಣಿ ಮತ್ತು ಮನುಷ್ಯ ಸೇರಿದ್ದು’ ಅಂತ ಒಂದೇ ಹೆಸರಲ್ಲಿ ಕರೆದ್ರೆ ಮನೇಲಿ ಅಜ್ಜಿ ಬಿಡ್ತಾರಾ?

ಈ ಗಡ್ಡದ ಗೂಳಿಯ ಹೆಸರು ಗೆಲಾಸ್. ಆ ಊರಿನ ನದಿ. ಊರಿಗೆ ಹೆಸರು ಬಂದಿದ್ದೇ ಆ ನದಿಯಿಂದ ಅಂತ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಗೆಲಾದ ಎಷ್ಟೋ ನಾಣ್ಯಗಳ ಮೇಲೆ ಗೂಳಿಯ ಪಕ್ಕದಲ್ಲೇ ಗ್ರೀಕ್ ಅಕ್ಷರದಲ್ಲಿ ‘ಗೆಲಾಸ್’ ಅಂತ ಬರೆದೂ ಇದೆ. ಅಂದ್ರೆ ಉತ್ತರ ಪ್ರಶ್ನೆಪತ್ರಿಕೆಯಲ್ಲೇ ಇತ್ತು.

ನನ್ನ ವಾದ ಇಷ್ಟೇ. ನಾಣ್ಯದ ಮೇಲಿನ ಪುರಾಣದ ಪ್ರಾಣಿಯನ್ನ ಗುರುತಿಸೋದು ಅಂದ್ರೆ, ನಮಗೆ ಮೊದಲೇ ಗೊತ್ತಿರೋ ಫೇಮಸ್ ಕಥೆಯೊಳಗೆ ಅದನ್ನ ತುರುಕೋದಲ್ಲ. ಆ ನಾಣ್ಯ ಹೊಡೆಸಿದ ಊರು ತನ್ನ ಬಗ್ಗೆ ಏನು ಹೇಳ್ಕೊಳ್ತಿದೆ ಅಂತ ಕೇಳಿಸ್ಕೊಳ್ಳೋದು. ಹೆಸರು ಕೊನೇಲಿ ಬರಬೇಕು. ನಾವು ಅದನ್ನ ಮೊದಲೇ ಹೇಳಿಬಿಡ್ತೀವಿ.

2/8

‘ಎಲ್ಲಾ ಕಟ್ಟುಕಥೆ ತಾನೇ, ಯಾವ ಹೆಸರಾದ್ರೇನು ಗುರು?’ ಅಂತ ಒಂದು ಕಾಮೆಂಟ್ ಬಂದೇ ಬರುತ್ತೆ. ಈಗಲೇ ಉತ್ತರ ಕೊಟ್ಟುಬಿಡ್ತೀನಿ.

ಮಿನೋಟಾರ್ ಕ್ರೀಟ್ ದ್ವೀಪದ ಕ್ನೋಸಸ್‌ನವನು. ಒಳಗೆ ಹೋದ್ರೆ ಹೊರಗೆ ಬರೋಕೆ ದಾರಿ ಸಿಗದ ಲ್ಯಾಬಿರಿಂತ್ ಅನ್ನೋ ಕಟ್ಟಡದಲ್ಲಿ ಅವನನ್ನ ಇಟ್ಟಿದ್ರು ಅನ್ನೋದು ಕಥೆ. ಕ್ನೋಸಸ್ ಊರಿನವರು ತಮ್ಮ ನಾಣ್ಯದ ಮೇಲೆ ಅವನನ್ನ ಹಾಕಿದ್ರು: ಮನುಷ್ಯನ ಮೈ, ಗೂಳಿ ತಲೆ, ಮಂಡಿ ಬಾಗಿಸಿ ಓಡೋ ಭಂಗಿ. ಹಿಂಬದಿಯಲ್ಲಿ ಲ್ಯಾಬಿರಿಂತ್‌ನ ಗೆರೆಗಳು (ಎರಡನೇ ಫೋಟೋ). ಅದು ಅವರ ಊರಿನ ಸಹಿ.

ಗೆಲಾದವರ ಸಹಿ ಬೇರೆ. ಗ್ರೀಕರ ಕಲ್ಪನೆಯಲ್ಲಿ ನದಿ ಅಂದ್ರೆ ಗೂಳಿ. ಇಲಿಯಡ್ ಕಾವ್ಯದಲ್ಲಿ ಸ್ಕಮಾಂಡರ್ ನದಿ ಉಕ್ಕಿ ಬರುವಾಗ ಗೂಳಿ ಥರ ಗುಟುರು ಹಾಕುತ್ತೆ. ಮಳೆಗಾಲದಲ್ಲಿ ಹೊಳೆ ಸದ್ದು ಕೇಳಿರೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಇನ್ನೊಂದು ವಿಷಯ. ಗೆಲಾ ಊರನ್ನ ಕಟ್ಟಿದವರು ರೋಡ್ಸ್ ಮತ್ತು ಕ್ರೀಟ್‌ನಿಂದ ಬಂದವರು. ಮಿನೋಟಾರ್ ಕಥೆ ಅವರಿಗೆ ಅಜ್ಜಿ ಮನೆ ಕಥೆ. ಹಾಕ್ಕೋಬೇಕು ಅಂದಿದ್ರೆ ಹಾಕ್ಕೊಳ್ಬಹುದಿತ್ತು. ಅವರು ಹಾಕಿದ್ದು ತಮ್ಮ ಹೊಲಕ್ಕೆ ನೀರು ಕೊಟ್ಟ ಹೊಸ ನೆಲದ ನದಿಯನ್ನ.

ಕ್ರಿ.ಪೂ. 405ರಲ್ಲಿ ಕಾರ್ತೇಜ್ ಸೈನ್ಯ ಮೇಲೆ ಬಿದ್ದಾಗ ಜನ ರಾತ್ರೋರಾತ್ರಿ ಊರು ಬಿಟ್ರು. ಊರು ಲೂಟಿ ಆಯ್ತು. ಆಮೇಲೆ ಮತ್ತೆ ಕಟ್ಟಿದ್ರು, ಆದ್ರೆ ಹಳೇ ವೈಭವ ವಾಪಸ್ ಬರ್ಲಿಲ್ಲ. ಆ ಜನ ‘ನಾವು ಇಂಥವರು’ ಅಂತ ತಾವೇ ಹೇಳಿ ಬಿಟ್ಟುಹೋದ ಸಾಕ್ಷಿಗಳಲ್ಲಿ ಈ ನಾಣ್ಯಗಳೂ ಒಂದು. ಅದರ ಮೇಲೂ ನಾವು ಇನ್ನೊಂದು ಊರಿನ ರಾಕ್ಷಸನ ಹೆಸರು ಅಂಟಿಸಿದ್ರೆ, ಅವರ ನದಿಯನ್ನ ನಾವೇ ಅಳಿಸಿದ ಹಾಗೆ. ದೊಡ್ಡ ಕಥೆ ಸಣ್ಣ ಊರನ್ನ ನುಂಗೋದು ಹೀಗೇ.

3/8

ಹಾಗಾದ್ರೆ ನೋಡೋದು ಹೇಗೆ? ನಾನು ಇಟ್ಕೊಂಡಿರೋ ಕ್ರಮ ಹೇಳ್ತೀನಿ.

ಮೊದಲು ಕಾಲು. ಗೊರಸೋ, ಪಂಜವೋ? ಗೊರಸು ಇದ್ರೆ ಕುದುರೆ, ಗೂಳಿ, ಹಂದಿ ಕಡೆ ಹೋಗಿ. ಪಂಜ ಇದ್ರೆ ಸಿಂಹದ ಮೈ: ಗ್ರಿಫಿನ್, ಸ್ಫಿಂಕ್ಸ್, ಕೈಮೀರಾ. ಎಲ್ಲರೂ ಮುಖ ನೋಡ್ತಾರೆ, ನೀವು ಕಾಲಿಂದ ಶುರು ಮಾಡಿ. ಯಾಕಂದ್ರೆ ನಾಣ್ಯದಲ್ಲಿ ಉಬ್ಬಿರೋ ಭಾಗ ಮೊದಲು ಸವೆಯುತ್ತೆ. ಕೈಯಿಂದ ಕೈಗೆ ಹೋಗಿ ಹೋಗಿ ಮುಖ ನುಣ್ಣಗಾಗಿರುತ್ತೆ, ತಗ್ಗಿನಲ್ಲಿರೋ ಕಾಲು ಎಷ್ಟೋ ಸಲ ಉಳಿದಿರುತ್ತೆ.

ಎರಡನೇದು ರೆಕ್ಕೆ. ಇದೊಂದನ್ನೇ ನಂಬಬೇಡಿ. ರೆಕ್ಕೆ ಕುದುರೆಗೂ ಇದೆ, ಗ್ರಿಫಿನ್‌ಗೂ ಇದೆ, ಗ್ರೀಕ್ ಸ್ಫಿಂಕ್ಸ್‌ಗೂ ಇದೆ. ಇವತ್ತಿನ ಟರ್ಕಿಯಲ್ಲಿರೋ ಕ್ಲಾಜೊಮೆನೈ ಊರಿನ ನಾಣ್ಯದಲ್ಲಿ ಕಾಡುಹಂದಿಗೂ ರೆಕ್ಕೆ ಇದೆ!

ಮೂರನೇದು ತಲೆ. ಬಾಗಿದ ಕೊಕ್ಕು, ನೆಟ್ಟಗೆ ನಿಂತ ಕಿವಿ ಇದ್ರೆ ಗ್ರಿಫಿನ್. ಹೆಂಗಸಿನ ಮುಖ ಇದ್ರೆ ಸ್ಫಿಂಕ್ಸ್.

ನಾಲ್ಕನೇದು ಬೆನ್ನು, ಬಾಲ. ಕೈಮೀರಾ ಸಿಕ್ಕಿಬೀಳೋದು ಇಲ್ಲೇ. ಸಿಂಹದ ಮೈ, ಬೆನ್ನಿನ ಮಧ್ಯದಿಂದ ಎದ್ದ ಮೇಕೆ ತಲೆ, ಬಾಲದ ಜಾಗದಲ್ಲಿ ಹಾವು. ಸಿಕ್ಯಾನ್ ಅನ್ನೋ ಊರಿನ ಬೆಳ್ಳಿ ನಾಣ್ಯದಲ್ಲಿ ಇದು ಬರುತ್ತೆ (ಮೂರನೇ ಫೋಟೋ). ಮೇಕೆ ತಲೆ ಸವೆದುಹೋದ್ರೆ ಬರೀ ಸಿಂಹ ಅನ್ಸುತ್ತೆ. ಆಗ ನಾಣ್ಯ ತಿರುಗಿಸಿ. ಹಿಂಬದಿಯಲ್ಲಿ ಹಾರ್ತಿರೋ ಪಾರಿವಾಳ ಇದ್ರೆ ಸಿಕ್ಯಾನ್ ಅನ್ನೋ ಅನುಮಾನ ಗಟ್ಟಿ ಆಗುತ್ತೆ.

ಕಾಮರ್ಸ್‌ನವರಿಗೆ ಇದು ಹೊಸದಲ್ಲ. ಆಡಿಟಿಂಗ್‌ನಲ್ಲಿ ವೋಚಿಂಗ್ ಓದಿದ್ದೀವಿ. ಲೆಡ್ಜರ್‌ನಲ್ಲಿ ಎಂಟ್ರಿ ಇದೆ ಅಂತ ಒಪ್ಪೋ ಹಾಗಿಲ್ಲ, ಹಿಂದೆ ವೋಚರ್ ಬೇಕು. ‘ಮಿನೋಟಾರ್’ ಅನ್ನೋದು ಎಂಟ್ರಿ. ಕಾಲು, ತಲೆ, ಬಾಲ, ಹಿಂಬದಿ ಇವೆಲ್ಲ ವೋಚರ್.

4/8

ಪ್ರಾಣಿ ಯಾವುದು ಅಂತ ಗೊತ್ತಾದ್ರೂ ಕೆಲಸ ಅರ್ಧ ಮಾತ್ರ ಆಗಿರುತ್ತೆ. ಯಾರದು ಅಂತ ಗೊತ್ತಾಗಬೇಕು. ಅದಕ್ಕೆ ಕಾರಿಂತ್‌ಗಿಂತ ಒಳ್ಳೇ ಉದಾಹರಣೆ ಇಲ್ಲ.

ನಾಲ್ಕನೇ ಫೋಟೋ: ರೆಕ್ಕೆ ಕುದುರೆ ಪೆಗಾಸಸ್. ಹಿಂಬದಿಯಲ್ಲಿ ಹೆಲ್ಮೆಟ್ ಹಾಕಿದ ಅಥೆನಾ ದೇವಿ. ಕಾರಿಂತ್‌ನ ವೀರ ಬೆಲರೊಫಾನ್‌ಗೆ ಪೆಗಾಸಸ್‌ನ ಪಳಗಿಸೋಕೆ ಕಡಿವಾಣ ಕೊಟ್ಟಿದ್ದು ಅಥೆನಾ. ಹಾಗಾಗಿ ನಾಣ್ಯದ ಎರಡು ಬದಿ ಸೇರಿದ್ರೇನೇ ಒಂದು ಕಥೆ. ಆ ಕುದುರೆ ಹತ್ತಿ ಅವನು ಕೊಂದಿದ್ದು ಯಾರನ್ನ ಗೊತ್ತಾ? ಕೈಮೀರಾನ. ಪೆಗಾಸಸ್ ಕಾರಿಂತ್ ನಾಣ್ಯದಲ್ಲಿ, ಕೈಮೀರಾ ಪಕ್ಕದೂರು ಸಿಕ್ಯಾನ್ ನಾಣ್ಯದಲ್ಲಿ!

ಈ ನಾಣ್ಯ ಎಷ್ಟು ಚಲಾವಣೆಯಲ್ಲಿತ್ತು ಅಂದ್ರೆ ಜನ ಅದನ್ನ ‘ಕುದುರೆ ಮರಿ’ ಅಂತಾನೇ ಕರೀತಿದ್ರು. ತೂಕ ಸುಮಾರು 8.6 ಗ್ರಾಂ ಬೆಳ್ಳಿ.

ಈಗ ಕುದುರೆ ಹೊಟ್ಟೆ ಕೆಳಗೆ ಜೂಮ್ ಮಾಡಿ. ಸಣ್ಣ ವೃತ್ತ, ಅದಕ್ಕೊಂದು ಕಾಂಡ. ಅದು ‘ಕೊಪ್ಪಾ’ ಅನ್ನೋ ಹಳೇ ಗ್ರೀಕ್ ಅಕ್ಷರ, ಇಂಗ್ಲಿಷ್‌ನ ‘ಕ್ಯೂ’ ಅಕ್ಷರದ ಪೂರ್ವಜ. ಕಾರಿಂತ್‌ನವರು ಹಿಂದೆ ತಮ್ಮ ಊರಿನ ಹೆಸರನ್ನ ಆ ಅಕ್ಷರದಿಂದಲೇ ಬರೀತಿದ್ರು. ಮುಂದೆ ಗ್ರೀಕರು ದಿನನಿತ್ಯದ ಬರವಣಿಗೆಯಲ್ಲಿ ಕೊಪ್ಪಾ ಬಿಟ್ಟೇಬಿಟ್ರು. ನಾಣ್ಯದಲ್ಲಿ ಮಾತ್ರ ಉಳ್ಕೊಳ್ತು. ಲೋಗೋ ಬದಲಾಯಿಸಿದ್ರೆ ಮಾರ್ಕೆಟ್‌ನಲ್ಲಿ ನಂಬಿಕೆ ಹೋಗುತ್ತೆ ಅನ್ನೋದು ಅವರಿಗೂ ಗೊತ್ತಿತ್ತು ಅನ್ಸುತ್ತೆ.

ಅಲ್ಲಿ ಕೊಪ್ಪಾ ಬದಲು ‘ಲ್ಯಾಮ್ಡಾ’ ಇದ್ರೆ ಅದು ಲ್ಯೂಕಾಸ್ ಊರಿನ ನಾಣ್ಯ. ‘ಆಲ್ಫಾ’ ಇದ್ರೆ ಅಂಬ್ರಾಕಿಯಾದ್ದು. ಇವೆರಡೂ ಕಾರಿಂತ್‌ನಿಂದ ಹೋದ ಜನ ಕಟ್ಟಿದ ಊರುಗಳು. ಕುದುರೆ ಅದೇ, ದೇವಿ ಅದೇ, ಊರು ಬೇರೆ. ‘ಪೆಗಾಸಸ್’ ಅಂತ ಕ್ಯಾಪ್ಶನ್ ಹಾಕಿ ಬಿಟ್ರೆ ತಪ್ಪೇನಲ್ಲ. ಆದ್ರೆ ಆ ಒಂದು ಅಕ್ಷರ ಹೊತ್ತುಕೊಂಡು ಬಂದಿರೋ ಊರನ್ನ ಅಲ್ಲೇ ಬಿಟ್ಟು ಬಂದಂಗೆ.

5/8

ಅಕ್ಷರ ಇಲ್ಲದೇ ಇದ್ರೆ? ಆಗ ದಿಕ್ಕು ನೋಡಿ.

ಐದನೇ ಫೋಟೋದಲ್ಲಿ ಎರಡು ಗ್ರಿಫಿನ್: ಸಿಂಹದ ಮೈ, ಹದ್ದಿನ ಕೊಕ್ಕು, ರೆಕ್ಕೆ. ಪಕ್ಕಪಕ್ಕ ಇಟ್ರೆ ಅಣ್ಣತಮ್ಮ ಅನ್ನಬೇಕು. ಒಂದು ಟಿಯೋಸ್ ಊರಿಂದು, ಇವತ್ತಿನ ಟರ್ಕಿಯ ಪಶ್ಚಿಮ ಕರಾವಳಿ. ಇನ್ನೊಂದು ಅಬ್ಡೆರಾದ್ದು, ಸಮುದ್ರದಾಚೆ ಥ್ರೇಸ್‌ನಲ್ಲಿ. ಸಾಮಾನ್ಯವಾಗಿ ಟಿಯೋಸ್‌ನ ಗ್ರಿಫಿನ್ ಬಲಕ್ಕೆ ನೋಡುತ್ತೆ, ಅಬ್ಡೆರಾದ್ದು ಎಡಕ್ಕೆ.

ಇವೆರಡೂ ಯಾಕೆ ಒಂದೇ ಥರ ಇವೆ? ಇತಿಹಾಸಕಾರ ಹೆರೊಡೋಟಸ್ ಕಾರಣ ಹೇಳ್ತಾನೆ. ಕ್ರಿ.ಪೂ. 545ರ ಸುಮಾರಿಗೆ ಪರ್ಷಿಯಾದ ಸೈನ್ಯ ಟಿಯೋಸ್ ಕೋಟೆಗೆ ಮುತ್ತಿಗೆ ಹಾಕ್ತು. ಶರಣಾಗೋದು ಬೇಡ ಅಂತ ಊರಿನವರು ಹಡಗು ಹತ್ತಿ ಥ್ರೇಸ್‌ಗೆ ಹೋಗಿ ಅಬ್ಡೆರಾದಲ್ಲಿ ನೆಲೆ ನಿಂತ್ರು. ಆಸ್ತಿ, ಮನೆ ಎಲ್ಲಾ ಹಿಂದೆ ಉಳೀತು. ಗ್ರಿಫಿನ್ ಮಾತ್ರ ಜತೆಗೆ ಹೋಯ್ತು.

ಇದನ್ನ ಒಂದು ಕ್ಷಣ ಯೋಚ್ನೆ ಮಾಡಿ. ವಲಸೆ ಹೋದ ಜನ ಹೊಸ ಊರಲ್ಲಿ ನಾಣ್ಯ ಹೊಡೆಸುವಾಗ ಹಳೇ ಊರಿನ ಗುರುತನ್ನೇ ಹಾಕ್ತಾರೆ, ಆದ್ರೆ ಮುಖ ಇನ್ನೊಂದು ಕಡೆಗೆ. ‘ನಾವು ಅವರೇ, ಆದ್ರೆ ಈಗ ಬೇರೆ’ ಅಂದ ಹಾಗೆ. ಮುಖ ತಿರುಗಿಸಿದ್ದಕ್ಕೆ ಇದೇ ಕಾರಣ ಅಂತ ಯಾರೂ ಬರೆದಿಟ್ಟಿಲ್ಲ, ಇದು ನನ್ನ ಓದು. ಆದ್ರೆ ದಿಕ್ಕು ನನ್ನ ಊಹೆ ಅಲ್ಲ, ನಾಣ್ಯದಲ್ಲೇ ಇದೆ.

ಅಬ್ಡೆರಾ ನಾಣ್ಯದ ಹಿಂಬದಿಯಲ್ಲಿ ಇನ್ನೊಂದು ಮಜಾ ಇದೆ. ಆ ಕಾಲದ ಅಧಿಕಾರಿಯ ಹೆಸರು, ‘ಇಂಥವನ ಅವಧಿಯಲ್ಲಿ’ ಅನ್ನೋ ಅರ್ಥದಲ್ಲಿ. ನಮ್ಮ ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರಲ್ವಾ, ಅದೇ ಲೆಕ್ಕ. ಗ್ರಿಫಿನ್ ಊರನ್ನ ಹೇಳುತ್ತೆ, ಹೆಸರು ಜವಾಬ್ದಾರಿ ಯಾರದು ಅಂತ ಹೇಳುತ್ತೆ.

6/8

ಈಗ ಕಾಮರ್ಸ್ ಬ್ಯಾಚ್‌ಗೆ ಇಷ್ಟ ಆಗೋ ಭಾಗ. ಪ್ರಾಣಿ ಪಕ್ಕದಲ್ಲಿರೋ ಸಣ್ಣ ವಸ್ತು ಎಷ್ಟೋ ಸಲ ಆ ಊರಿನ ವ್ಯಾಪಾರವನ್ನ ಹೇಳುತ್ತೆ.

ಕಿಯೋಸ್ ದ್ವೀಪದ ನಾಣ್ಯದಲ್ಲಿ ಕೂತಿರೋ ಸ್ಫಿಂಕ್ಸ್ ಇದೆ. ಸ್ಫಿಂಕ್ಸ್ ಅಂದ ತಕ್ಷಣ ಈಜಿಪ್ಟ್ ಅನ್ಬೇಡಿ. ಗೀಜಾದ ದೊಡ್ಡ ಸ್ಫಿಂಕ್ಸ್‌ಗೆ ಗಂಡಿನ ಮುಖ, ರೆಕ್ಕೆ ಇಲ್ಲ. ಗ್ರೀಕರದ್ದಕ್ಕೆ ಹೆಂಗಸಿನ ಮುಖ, ರೆಕ್ಕೆ ಇದೆ. ಕಿಯೋಸ್‌ನ ಸ್ಫಿಂಕ್ಸ್ ಮುಂದೆ ಎರಡು ಹಿಡಿಯ ಉದ್ದ ಹೂಜಿ, ಮೇಲೆ ದ್ರಾಕ್ಷಿ ಗೊಂಚಲು. ಕಿಯೋಸ್ ವೈನ್ ಗ್ರೀಕ್ ಲೋಕದಲ್ಲೆಲ್ಲ ಹೆಸರುವಾಸಿ. ನಾಣ್ಯಾನೇ ಜಾಹೀರಾತು.

ಕಪ್ಪು ಸಮುದ್ರದ ದಡದ ಪ್ಯಾಂಟಿಕಪೇಯಂ, ಅಂದ್ರೆ ಇವತ್ತಿನ ಕ್ರಿಮಿಯಾದ ಕೆರ್ಚ್. ಕ್ರಿ.ಪೂ. 4ನೇ ಶತಮಾನದ ಅದರ ಚಿನ್ನದ ನಾಣ್ಯದಲ್ಲಿ ಕೊಂಬಿರೋ ಗ್ರಿಫಿನ್, ಬಾಯಲ್ಲಿ ಈಟಿ, ಕಾಲ ಕೆಳಗೆ ಧಾನ್ಯದ ತೆನೆ. ಉತ್ತರದ ದೂರದೇಶದಲ್ಲಿ ಗ್ರಿಫಿನ್‌ಗಳು ಚಿನ್ನ ಕಾಯ್ತವೆ ಅನ್ನೋ ಕಥೆಯನ್ನ ಹೆರೊಡೋಟಸ್ ದಾಖಲಿಸಿದ್ದಾನೆ. ಹಾಗಾಗಿ ಗ್ರಿಫಿನ್ ಅಂದ್ರೆ ಚಿನ್ನ. ತೆನೆ ಅಂದ್ರೆ ಆ ಪ್ರದೇಶದಿಂದ ಅಥೆನ್ಸ್‌ಗೆ ಹೋಗ್ತಿದ್ದ ಧಾನ್ಯ. ಇಡೀ ಎಕ್ಸ್‌ಪೋರ್ಟ್ ಲೆಕ್ಕ ಬೆರಳ ತುದಿಯಷ್ಟು ಜಾಗದಲ್ಲಿ. 2012ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಇಂಥ ಒಂದು ನಾಣ್ಯ ಕಮಿಷನ್ ಬಿಟ್ಟೇ 32.5 ಲಕ್ಷ ಡಾಲರ್‌ಗೆ ಹೋಯ್ತು.

ಸಿಜಿಕಸ್ ಊರಿಂದು ಇನ್ನೂ ವಿಚಿತ್ರ. ಚಿನ್ನ ಬೆಳ್ಳಿ ಬೆರೆತ ಎಲೆಕ್ಟ್ರಮ್ ನಾಣ್ಯ, ಸುಮಾರು 16 ಗ್ರಾಂ. ಒಂದರಲ್ಲಿ ಗ್ರಿಫಿನ್, ಇನ್ನೊಂದರಲ್ಲಿ ಸ್ಫಿಂಕ್ಸ್, ಮತ್ತೊಂದರಲ್ಲಿ ರೆಕ್ಕೆ ಹಂದಿ. ಚಿತ್ರ ಬದಲಾಗ್ತಾನೇ ಇರುತ್ತೆ. ಬದಲಾಗದೇ ಇರೋದು ಒಂದೇ, ಕೆಳಗೋ ಪಕ್ಕಕ್ಕೋ ಇರೋ ಸಣ್ಣ ಟ್ಯೂನಾ ಮೀನು. ಆ ಊರಿನ ಮುಂದಿನ ಸಮುದ್ರದಲ್ಲಿ ಟ್ಯೂನಾ ಹಿಂಡುಹಿಂಡಾಗಿ ಹಾಯ್ದು ಹೋಗ್ತಿತ್ತು. ದೊಡ್ಡ ಪ್ರಾಣಿ ನೋಡಿ ಮೀನು ಬಿಟ್ಟವನು ಊರನ್ನೇ ಬಿಟ್ಟ.

7/8

ಕೆಲವು ಪ್ರಾಣಿಗಳು ಯಾವ ಪುರಾಣದ ಪುಸ್ತಕದಲ್ಲೂ ಸಿಗಲ್ಲ. ಏಳನೇ ಫೋಟೋ ನೋಡಿ: ಅಥೆನಾ ರಥದಲ್ಲಿ ನಿಂತು ಯುದ್ಧ ಮಾಡ್ತಿದ್ದಾಳೆ, ರಥ ಎಳೀತಿರೋದು ಆನೆಗಳು. ಆ ಆನೆಗಳಿಗೆ ಗೂಳಿ ಕೊಂಬು!

ಇದು ಸೆಲ್ಯೂಕಸ್ ರಾಜನ ಬೆಳ್ಳಿ ನಾಣ್ಯ. ಹೌದು, ಹೈಸ್ಕೂಲ್ ಸಮಾಜ ವಿಜ್ಞಾನದಲ್ಲಿ ಬರೋ ಅದೇ ಸೆಲ್ಯೂಕಸ್. ಚಂದ್ರಗುಪ್ತ ಮೌರ್ಯನ ಜತೆ ಒಪ್ಪಂದ ಮಾಡ್ಕೊಂಡು, ಸಿಂಧೂ ನದಿ ಕಡೆಯ ಪ್ರದೇಶಗಳನ್ನ ಬಿಟ್ಟುಕೊಟ್ಟು 500 ಆನೆ ತಗೊಂಡ. ಕ್ರಿ.ಪೂ. 301ರ ಇಪ್ಸಸ್ ಯುದ್ಧದಲ್ಲಿ ಅವನ ಕೈ ಹಿಡಿದಿದ್ದು ಆನೆಗಳೇ. ಆ ಚಂದ್ರಗುಪ್ತ ಕೊನೆಗಾಲದಲ್ಲಿ ನಮ್ಮ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತ ಮಾಡಿದ ಅಂತ ಜೈನ ಪರಂಪರೆ ಹೇಳುತ್ತೆ. ಚಂದ್ರಗಿರಿ ಬೆಟ್ಟ ಹತ್ತಿದವರು ಈ ನಾಣ್ಯ ನೋಡಿದ್ರೆ ಸ್ವಲ್ಪ ಹತ್ತಿರದ್ದು ಅನ್ಸುತ್ತೆ.

ಕೊಂಬು ಎಲ್ಲಿಂದ ಬಂತು? ಅಲೆಕ್ಸಾಂಡರನ ಬಲಿಪೂಜೆಯಲ್ಲಿ ಹಗ್ಗ ಕಿತ್ಕೊಂಡ ಗೂಳಿಯನ್ನ ಸೆಲ್ಯೂಕಸ್ ಬರಿಗೈಯಲ್ಲಿ ಹಿಡಿದ, ಅದಕ್ಕೇ ಅವನ ಪ್ರತಿಮೆಗೆ ಕೊಂಬು ಇಡ್ತಾರೆ ಅಂತ ಅಪ್ಪಿಯನ್ ಅನ್ನೋ ಲೇಖಕ ಬರೀತಾನೆ. ಅವನ ನಾಣ್ಯಗಳಲ್ಲಿ ಕುದುರೆಗೂ ಕೊಂಬಿದೆ. ಅಂದ್ರೆ ಈ ಪ್ರಾಣಿಗೆ ಹೆಸರು ಹುಡುಕೋದೇ ವ್ಯರ್ಥ. ಇದು ಕಥೆಯ ಪ್ರಾಣಿ ಅಲ್ಲ, ಒಬ್ಬ ರಾಜನ ಶಕ್ತಿ ಪ್ರದರ್ಶನ.

ಹೆಸರಿಡೋದು ಕಷ್ಟ ಇರೋ ಕಡೆ ಏನು ಮಾಡ್ಬೇಕು? ಇಟಲಿಯ ನೇಪಲ್ಸ್‌ನ ಹಳೇ ಗ್ರೀಕ್ ನಾಣ್ಯದಲ್ಲೂ ಮನುಷ್ಯಮುಖದ ಗೂಳಿ ಇದೆ. ಅದು ಅಖೆಲೂಸ್ ಅನ್ನೋ ದೊಡ್ಡ ನದಿದೇವರೋ, ಸ್ಥಳೀಯ ನದಿಯೋ ಅಂತ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಅಲ್ಲಿ ‘ಮನುಷ್ಯಮುಖದ ಗೂಳಿ, ನದಿದೇವರು’ ಅಂತ ಬರೆದು ನಿಲ್ಲಿಸೋದೇ ಪ್ರಾಮಾಣಿಕತೆ. ಕಂಡಿದ್ದನ್ನ ಬರೆದ್ರೆ ಯಾರೂ ಚಿಕ್ಕವರಾಗಲ್ಲ.

8/8

ಇನ್ನೊಂದು ಕಡೆಯ ಮಾತೂ ನ್ಯಾಯವಾಗಿ ಹೇಳ್ಬೇಕು. ಮಿನೋಟಾರ್, ಪೆಗಾಸಸ್ ಇಲ್ಲದಿದ್ರೆ ನಮ್ಮಲ್ಲಿ ಯಾರೂ ಈ ನಾಣ್ಯಗಳ ಕಡೆ ತಿರುಗಿ ನೋಡ್ತಾನೂ ಇರ್ಲಿಲ್ಲ. ಗೇಮ್, ಸಿನಿಮಾ, ಕಾಮಿಕ್ಸ್ ನೋಡಿ ಬಂದವರೇ ಹೆಚ್ಚು. ಅದರಲ್ಲಿ ತಪ್ಪಿಲ್ಲ. ಫೇಮಸ್ ಕಥೆ ಬಾಗಿಲು. ಬಾಗಿಲಲ್ಲೇ ನಿಂತ್ಕೊಂಡು ಮನೆ ನೋಡಾಯ್ತು ಅನ್ನೋದು ತಪ್ಪು.

ಫೋನಿನ ಹುಡುಕಾಟವನ್ನೂ ಬೇಡ ಅಂತಿಲ್ಲ. ಆದ್ರೆ ಅದು ಹೆಚ್ಚು ಜನ ಏನಂತಾರೋ ಅದನ್ನೇ ಹೇಳೋ ಸಾಧ್ಯತೆ ಜಾಸ್ತಿ. ಸಣ್ಣ ಊರಿಗೆ ಹೆಚ್ಚು ಜನ ಇರಲ್ಲ. ಹಾಗಾಗಿ ಅಲ್ಲಿ ಸಿಕ್ಕ ಹೆಸರನ್ನ ಒಂದು ಸುಳಿವು ಅಂತ ಮಾತ್ರ ಇಟ್ಕೊಳ್ಳಿ. ಬ್ರಿಟಿಷ್ ಮ್ಯೂಸಿಯಂ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಎರಡೂ ತಮ್ಮ ಸಂಗ್ರಹವನ್ನ ಆನ್‌ಲೈನ್‌ನಲ್ಲಿ ಫ್ರೀಯಾಗಿ ಇಟ್ಟಿವೆ. ಊರಿನ ಹೆಸರು ಹಾಕಿ ಹುಡುಕಿ, ಎರಡೂ ಬದಿ ಹೋಲಿಸಿ, ತೂಕ ನೋಡಿ.

ತೂಕ ಅಂದಾಗ ಒಂದು ಎಚ್ಚರಿಕೆ. ‘ಅಸಲಿ ಗ್ರೀಕ್ ನಾಣ್ಯ, ಕಡಿಮೆ ಬೆಲೆ’ ಅಂತ ಜಾಹೀರಾತು ಕಂಡ್ರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ. 8.6 ಗ್ರಾಂ ಇರಬೇಕಾದ ಕಾರಿಂತ್ ಕುದುರೆಯನ್ನ 15 ಗ್ರಾಂ ಅಂತ ಹಾಕಿದ್ರೆ, ಗ್ರಿಫಿನ್‌ಗೆ ‘ಡ್ರ್ಯಾಗನ್’ ಅಂತ ಬರೆದಿದ್ರೆ, ಮಾರೋನಿಗೇ ತಾನು ಏನು ಮಾರ್ತಿದ್ದೀನಿ ಅಂತ ಗೊತ್ತಿಲ್ಲ, ಇಲ್ಲಾ ಗೊತ್ತಿದ್ದೇ ಮಾಡ್ತಿದ್ದಾನೆ. ಎರಡೂ ನಮ್ಮ ಜೇಬಿಗೆ ಒಳ್ಳೇದಲ್ಲ. ಎಲ್ಲಾ ಸರಿಯಾಗಿದ್ರೂ ಅಸಲಿ ಅಂತ ಫೋಟೋದಿಂದ ಹೇಳೋಕಾಗಲ್ಲ. ಕೈಯಲ್ಲಿ ಹಿಡಿದು ನೋಡೋ ಪರಿಣತರು ಬೇಕು.

ದುಡ್ಡಿನ ಮಾತು ಬಿಟ್ರೂ ನನಗೆ ಮುಖ್ಯ ಅನ್ಸೋದು ಇದು. ನಾಣ್ಯ ಅಂದ್ರೆ ಮಾತು ಕೊಟ್ಟ ಹಾಗೆ. ‘ಇದರ ತೂಕಕ್ಕೆ, ಇದರ ಬೆಳ್ಳಿಗೆ ನಾವು ಹೊಣೆ’ ಅಂತ ಒಂದು ಊರು ತನ್ನ ನದಿಯನ್ನೋ, ಕುದುರೆಯನ್ನೋ ಸಾಕ್ಷಿ ಇಟ್ಟು ಹೇಳಿದ ಮಾತು. ಸುಮಾರು 2,400 ವರ್ಷ ಆದ್ಮೇಲೆ ಅದು ನಮ್ಮ ಫೋನಿನ ಪರದೆಗೆ ಬಂದಿದೆ. ಯಾರು ಕೊಟ್ಟ ಮಾತು ಅಂತಾದ್ರೂ ಸರಿಯಾಗಿ ಹೇಳೋಣ.

ಕೊನೇ ಫೋಟೋಗೆ ನಾನು ಹೆಸರು ಹಾಕಿಲ್ಲ. ಕಾಮೆಂಟ್‌ನಲ್ಲಿ ನೀವೂ ಹೆಸರು ಹಾಕ್ಬೇಡಿ. ಕಂಡಿದ್ದನ್ನ ಮಾತ್ರ ಬರೀರಿ. ಗೊರಸೋ, ಪಂಜವೋ? ಅಲ್ಲಿಂದ ಶುರು ಮಾಡಿ.

#ಹಳೇನಾಣ್ಯ #ಗ್ರೀಕ್‌ನಾಣ್ಯ #ಗೊರಸೋಪಂಜವೋ #ಬಿಕಾಂಹುಡುಗರು